ನಿಂತ ಮೀಟರು

ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಇತಿಹಾಸ ಪಾಠ ಹೇಳುತ್ತಿದ್ದೇನೆ. ಶಾಸನ, ನಾಣ್ಯ, ಕಡತ ಎಂದು ಇತಿಹಾಸದ ಆಧಾರಗಳನ್ನು ಪ್ರತಿ ಜೂನ್ ತಿಂಗಳಲ್ಲಿ ಬೋರ್ಡಿನ ಮೇಲೆ ಬರೆಯುತ್ತೇನೆ, ಅಳಿಸುತ್ತೇನೆ. ಆದರೆ ಹುಣಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ಅಪ್ಪನ ಜಾವಾ ಮೋಟಾರ್ ಸೈಕಲ್ಲೂ ಒಂದು ಆಧಾರವೇ ಎಂದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಅದರ ಕೆಟ್ಟ ಮೀಟರನ್ನು ರಿಪೇರಿಗೆ ಕೊಟ್ಟ ಮೇಲೆ.

ಅಪ್ಪ ಹೈಸ್ಕೂಲ್ ಮೇಷ್ಟ್ರು. ಊರಿನಿಂದ ಏಳು ಕಿಲೋಮೀಟರ್ ದೂರದ ಹಳ್ಳಿಯ ಶಾಲೆ. 1972ರಲ್ಲಿ ಯಾರಿಂದಲೋ ಎರಡನೇ ಕೈಯಾಗಿ ಆ ಗಾಡಿ ಕೊಂಡರು. ಅದು 1965ರದ್ದು. ಕಡುಗೆಂಪು ಟ್ಯಾಂಕು, ಎರಡು ಪಕ್ಕದಲ್ಲೂ ಒಂದೊಂದು ಸೈಲೆನ್ಸರು, ಎಣ್ಣೆ ಬೆರೆಸಿದ ಪೆಟ್ರೋಲಿನ ನೀಲಿ ಹೊಗೆ. ಕಿಕ್ ಹೊಡೆಯುವ ಸನ್ನೆಯೇ ಗೇರು ಹಾಕುವ ಸನ್ನೆಯೂ ಆಗುವುದು ಅದರ ವಿಶೇಷ. ಬೀದಿಯ ತುದಿಯಲ್ಲಿ ಸದ್ದು ಕೇಳಿದರೆ ಅಮ್ಮ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು.

ಜಾವಾ ಎಂದರೆ ನಮಗೆ ಮೈಸೂರಿನದೇ ಎನ್ನಿಸುತ್ತದೆ. ಮೂಲತಃ ಅದು ಜೆಕೊಸ್ಲೊವಾಕಿಯಾದ ಗಾಡಿ. 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕು ಕೊಂಡು, ತನ್ನ ಹೆಸರಿನ ಮೊದಲ ಎರಡಕ್ಷರಕ್ಕೆ ವಾಂಡರರ್‌ನ ಎರಡಕ್ಷರ ಸೇರಿಸಿ ಜಾವಾ ಎಂದು ಕರೆದ. ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿಯವರು ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ, ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. ಎಪ್ಪತ್ತರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಹೆಸರಿನ ಗಾಡಿ ಮತ್ತೆ ಪೇಟೆಗೆ ಬಂದರೂ ಅದು ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಿನಲ್ಲಲ್ಲ.

ಅಪ್ಪ 2009ರಲ್ಲಿ ತೀರಿಕೊಂಡರು. ಕಳೆದ ವರ್ಷ ನನ್ನ ಮಗ, "ಅಮ್ಮ, ತಾತನ ಗಾಡಿ ತುಕ್ಕು ಹಿಡಿಯುತ್ತಿದೆ, ರೆಡಿ ಮಾಡಿಸೋಣ" ಎಂದು ಹಟ ಹಿಡಿದ. ಟೆಂಪೋದಲ್ಲಿ ಹಾಕಿಕೊಂಡು ಮೈಸೂರಿಗೆ, ಜಾವಾ ಕೆಲಸದಲ್ಲೇ ತಲೆ ಹಣ್ಣಾದ ಒಬ್ಬ ಮೆಕ್ಯಾನಿಕ್ಕರ ಬಳಿಗೆ ಒಯ್ದೆವು. ಎಂಜಿನ್ ಕೆಲಸ ಮುಗಿಯಿತು. ಉಳಿದದ್ದು ಹೆಡ್‌ಲೈಟಿನ ನೆತ್ತಿಯ ಮೇಲೆ ಕೂತ ದುಂಡನೆಯ ಮೀಟರು. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಓಡಿದ ದೂರ ತೋರಿಸುವ ಅಂಕಿಗಳು 58,417ರಲ್ಲಿ ನಿಂತಿದ್ದವು. ಅದು ಕೆಟ್ಟದ್ದು ನನಗೆ ನೆನಪಿದೆ. ನಾನಾಗ ಏಳನೇ ಕ್ಲಾಸು. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಮೀಟರು ಕೆಟ್ಟುಹೋಯ್ತು" ಎಂದರು. ಅಮ್ಮ ಹುಳಿ ಬಡಿಸುತ್ತಾ, "ಸರಿ ಮಾಡಿಸಿ" ಎಂದರು. ಅಪ್ಪ ಮಾಡಿಸಲೇ ಇಲ್ಲ.

ಮೀಟರಿನ ಒಳಗುಟ್ಟನ್ನು ಆ ಹಿರಿಯರು ನನಗೆ ಪಾಠದ ಹಾಗೆ ತಿಳಿಸಿದರು. ಕೆಳಗಿನಿಂದ ಒಂದು ಕೇಬಲ್ ಬರುತ್ತದೆ. ಹೊರಗೆ ಕೊಳವೆ, ಒಳಗೆ ತಿರುಗುವ ತಂತಿ. ಗಾಡಿ ಓಡಿದಷ್ಟೂ ತಂತಿ ತಿರುಗುತ್ತದೆ. ಅದರ ತುದಿ ಮೀಟರಿನೊಳಗೆ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ, ಅದಕ್ಕೆ ತಾಗದಂತೆ, ಒಂದು ಅಲ್ಯೂಮಿನಿಯಂ ಬಟ್ಟಲು. ಕಡಗೋಲು ತಿರುಗಿದರೆ ಮಜ್ಜಿಗೆಯೂ ಅದರ ಹಿಂದೆ ಸುತ್ತುವುದಿಲ್ಲವೇ, ಹಾಗೆ ಬಟ್ಟಲು ಅಯಸ್ಕಾಂತದ ಹಿಂದೆ ಹೊರಡುತ್ತದೆ. ಕೂದಲೆಳೆಯಂಥ ಒಂದು ಸುರುಳಿ ಅದನ್ನು ಹಿಂದಕ್ಕೆಳೆಯುತ್ತದೆ. ಈ ಎಳೆದಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು ನಿಲ್ಲುತ್ತದೆ. ತಿರುಗುವ ಲೋಹದ ತಟ್ಟೆಗೂ ಅಯಸ್ಕಾಂತಕ್ಕೂ ಇರುವ ಈ ಸೆಳೆತವನ್ನು 1824ರಲ್ಲಿ ಫ್ರಾನ್ಸಿನ ಅರಾಗೊ ಕಂಡ. ಕಾರಣವನ್ನು 1831ರ ಹೊತ್ತಿಗೆ ಫ್ಯಾರಡೆ ವಿವರಿಸಿದ. ಅದನ್ನು ವೇಗದ ಮೀಟರಾಗಿ ಮಾಡಿ 1902ರಲ್ಲಿ ಜರ್ಮನಿಯಲ್ಲಿ ಪೇಟೆಂಟ್ ಪಡೆದವನು ಒಟ್ಟೊ ಶುಲ್ಜೆ ಎಂಬ ಎಂಜಿನಿಯರ್.

ದೂರದ ಅಂಕಿಗಳಿಗೆ ಅಯಸ್ಕಾಂತದ ಹಂಗಿಲ್ಲ. ಅವು ಹಲ್ಲಿನ ಚಕ್ರಗಳಿಂದ ಉರುಳುತ್ತವೆ. ಆದ್ದರಿಂದ ಅಂಕಿ ಓಡುತ್ತಾ ಮುಳ್ಳು ಮಾತ್ರ ಸತ್ತಿದ್ದರೆ ರೋಗ ಮೀಟರಿನೊಳಗೆ. ಮುಳ್ಳು ನಡುಗುತ್ತಿದ್ದರೆ ಕೇಬಲ್ ಒಣಗಿದೆ, ಇಲ್ಲವೇ ಎಲ್ಲೋ ಜೋರಾಗಿ ಬಾಗಿದೆ. ಎರಡೂ ಸತ್ತಿದ್ದರೆ ಮೊದಲು ನೋಡಬೇಕಾದದ್ದು ಕೇಬಲ್. "ಇದರಲ್ಲಿ ಎರಡೂ ಸತ್ತಿವೆ ಟೀಚರಮ್ಮ, ಕೇಬಲ್ ತುಂಡಾಗಿರಬೇಕು" ಎಂದು ಅವರು ಹೆಡ್‌ಲೈಟ್ ಬಿಚ್ಚಿದರು. ಬಿಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಬನ್ನಿ ಇಲ್ಲಿ" ಎಂದು ಕರೆದರು.

ಕೇಬಲ್ ತುಂಡಾಗಿರಲಿಲ್ಲ. ಮೀಟರಿನ ಅಡಿಯ ನಟ್ಟು ಬಿಚ್ಚಿ, ಕೇಬಲನ್ನು ಪಕ್ಕಕ್ಕೆ ಸರಿಸಿ, ಅದರ ಬಾಯಿಗೆ ಸೈಕಲ್ ಟ್ಯೂಬಿನ ಚೂರು ಸುತ್ತಿ, ದಾರದಿಂದ ಕಟ್ಟಿತ್ತು. ಉತ್ತರಪತ್ರಿಕೆ ಹೊಲಿಯುವ ಬಿಳಿ ದಾರ. ಗಂಟು ಅಪ್ಪನದೇ. "ಇದು ಕೆಟ್ಟದ್ದಲ್ಲ ತಾಯಿ, ಯಾರೋ ಬೇಕೂಂತ ಬಿಚ್ಚಿಟ್ಟಿದ್ದಾರೆ" ಎಂದರು ಅವರು.

ಕೆಲಸವೇನೋ ಸುಲಭವಾಯಿತು. ತಂತಿ ಎಳೆದು ಸೀಮೆಎಣ್ಣೆಯಲ್ಲಿ ತೊಳೆದರು. ಕೆಳಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸು ಸವರಿದರು. ಮೇಲಿನ ತುದಿಗೆ ಹಚ್ಚಿದರೆ ತಿರುಗುತ್ತಾ ತಿರುಗುತ್ತಾ ಮೀಟರಿನೊಳಕ್ಕೆ ಏರಿ ಬಟ್ಟಲಿಗೆ ಅಂಟಿಕೊಳ್ಳುತ್ತದಂತೆ. ಆಮೇಲೆ, "ನಂಬರು ಸೊನ್ನೆ ಮಾಡಿಬಿಡಲೇ? ಹೊಸದರ ಹಾಗೆ ಕಾಣುತ್ತೆ, ಎಲ್ಲರೂ ಮಾಡಿಸ್ತಾರೆ" ಎಂದು ಕೇಳಿದರು. ಬೇಡವೆಂದೆ. ಮನಸ್ಸೆಲ್ಲ ಆ ದಾರದ ಗಂಟಿನ ಮೇಲಿತ್ತು.

ಮನೆಗೆ ಬಂದವಳು ಅಮ್ಮನ ಲೆಕ್ಕದ ಪುಸ್ತಕಗಳ ಟ್ರಂಕು ತೆಗೆದೆ. ಅಮ್ಮ ಓದಿದ್ದು ನಾಲ್ಕನೇ ಕ್ಲಾಸಾದರೂ ಮನೆಯ ಲೆಕ್ಕ ಒಂದು ದಿನ ತಪ್ಪಿಸಿದವರಲ್ಲ. ಹಾಲು, ಸೌದೆ, ಪೆಟ್ರೋಲು. ಪೆಟ್ರೋಲಿನ ಪಕ್ಕದಲ್ಲಿ ಮೀಟರಿನ ಅಂಕಿ. ಪ್ರತಿ ತಿಂಗಳೂ ಸುಮಾರು 12 ಲೀಟರ್, 350 ಕಿಲೋಮೀಟರ್. ಶಾಲೆಗೆ ಹೋಗಿಬರುವ ಲೆಕ್ಕಕ್ಕೆ ಸರಿ. 1981ರ ಆಗಸ್ಟಿನಲ್ಲಿ 58,417 ಎಂದಿದೆ. ಅಲ್ಲಿಂದ ಮುಂದೆ ಅಂಕಿ ಇಲ್ಲ, ಪೆಟ್ರೋಲು ಮಾತ್ರ ಇದೆ. ಅದು ತಿಂಗಳಿಗೆ ಹದಿನೆಂಟು, ಹತ್ತೊಂಬತ್ತು ಲೀಟರಿಗೆ ಏರಿದೆ! 1988ರ ತನಕ ಹಾಗೇ ನಡೆದು, ಒಂದು ತಿಂಗಳು ಇದ್ದಕ್ಕಿದ್ದಂತೆ ಮತ್ತೆ ಹನ್ನೆರಡಕ್ಕೆ ಇಳಿದಿದೆ. ನಮ್ಮ ಗಾಡಿ ಲೀಟರಿಗೆ 30 ಕಿಲೋಮೀಟರ್ ಕೊಡುತ್ತಿತ್ತು. ಅಂದರೆ ಏಳು ವರ್ಷ, ತಿಂಗಳಿಗೆ ಇನ್ನೂರು ಕಿಲೋಮೀಟರ್, ಅಪ್ಪ ಎಲ್ಲಿಗೋ ಹೋಗಿಬರುತ್ತಿದ್ದರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಶಿಕ್ಷಕರ ಮೀಟಿಂಗ್ ಎಂದು ಕತ್ತಲಾದ ಮೇಲೆ ಬರುತ್ತಿದ್ದದ್ದು ನೆನಪಾಗಿ ಎದೆ ಡವಗುಟ್ಟಿತು. ಇತಿಹಾಸ ಓದಿದವರಿಗೆ ಒಂದು ಕೆಟ್ಟ ಅಭ್ಯಾಸ. ದಾಖಲೆಯಲ್ಲಿ ಬಿಟ್ಟಸ್ಥಳ ಕಂಡರೆ ಏನೇನೋ ತುಂಬಿಕೊಳ್ಳುತ್ತೇವೆ. ಸತ್ತುಹೋದ ಅಪ್ಪನ ಬಗ್ಗೆ ಆ ರಾತ್ರಿ ನಾನು ಏನೆಲ್ಲ ಯೋಚಿಸಿದೆನೋ, ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಎರಡು ದಿನ ತಡೆದು ಅಮ್ಮನನ್ನೇ ಕೇಳಿದೆ. ಅಮ್ಮನಿಗೀಗ ಎಪ್ಪತ್ತೊಂಬತ್ತು. ಹೂ ಕಟ್ಟುತ್ತಿದ್ದ ಕೈ ನಿಲ್ಲಲಿಲ್ಲ.

"ಪಿರಿಯಾಪಟ್ಟಣಕ್ಕೆ ಕಣೆ. ನಿಮ್ಮತ್ತೆ ಮನೆಗೆ."

ಅಪ್ಪನ ತಂಗಿಗೂ ನಮ್ಮ ಮನೆಗೂ ಮಾತು ಬಿಟ್ಟುಹೋಗಿತ್ತು. ಅಜ್ಜಿಯ ಡಾಬು ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಅಮ್ಮ, "ನನ್ನ ಹೊಸಲು ತುಳಿಯಬೇಡ" ಎಂದಿದ್ದರು. ಮುಂದಿನ ವರ್ಷವೇ ಅತ್ತೆಯ ಗಂಡ ಹೋದರು. ಎರಡು ಹೆಣ್ಣುಮಕ್ಕಳು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗಿಬಂದರೆ ಐವತ್ತು ಕಿಲೋಮೀಟರಿಗೆ ಹತ್ತಿರ. ನಾಲ್ಕು ಶನಿವಾರಕ್ಕೆ ಇನ್ನೂರು. ಲೆಕ್ಕ ಸರಿಹೋಯಿತು. ಅತ್ತೆ ತೀರಿಕೊಂಡದ್ದು 1988ರಲ್ಲಿ.

"ನಿಮಗೆ ಗೊತ್ತಿತ್ತಾ?"

"ಮೀಟರು ನಿಂತ್ರೆ ಪೆಟ್ರೋಲು ನಿಲ್ಲುತ್ತಾ? ಬರೀತಿದ್ದವಳು ನಾನೇ ಅಲ್ವಾ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ರೆ ಅವರು ಹೋಗೋದು ಬಿಡ್ತಿದ್ರು. ಅವಳಿಗೆ ಇನ್ಯಾರಿದ್ರು?" ಎಂದವರು ಸ್ವಲ್ಪ ಹೊತ್ತಿನ ಮೇಲೆ, "ನಾನೇ ಒಂದು ಸಲ ಬಾ ಅಂತ ಕರೀಬಹುದಾಗಿತ್ತು. ಬಾಯಿ ಬರಲಿಲ್ಲ" ಎಂದರು.

ಅತ್ತೆ ಹೋದ ಮೇಲೂ ಅಪ್ಪ ಕೇಬಲನ್ನು ಯಾಕೆ ಸೇರಿಸಲಿಲ್ಲವೋ! ಸೇರಿಸಿದರೆ ಬಿಚ್ಚಿಟ್ಟದ್ದನ್ನು ಒಪ್ಪಿಕೊಂಡಂತಾಗುತ್ತದೆ ಎಂದೇ ಇರಬೇಕು. ಒಂದೇ ಮನೆಯಲ್ಲಿ ಒಬ್ಬರು ಮುಚ್ಚಿಟ್ಟರು, ಇನ್ನೊಬ್ಬರು ಗೊತ್ತಿದ್ದೂ ಗೊತ್ತಿಲ್ಲದಂತೆ ಲೆಕ್ಕ ಬರೆದರು. ಇಬ್ಬರೂ ಒಂದು ಮಾತು ಆಡಿದ್ದರೆ ನನಗೂ ಒಬ್ಬ ಅತ್ತೆ ಇರುತ್ತಿದ್ದರು. ಇದನ್ನು ಅಮ್ಮನಿಗೆ ಹೇಳಲು ನನಗೂ ಬಾಯಿ ಬರಲಿಲ್ಲ.

ಕಾಗದಪತ್ರ, ವಿಮೆ ಎಲ್ಲ ಸರಿಮಾಡಿಸಿ ಗಾಡಿ ಮನೆಗೆ ಬಂದ ವಾರ ಅಮ್ಮ ತಾವಾಗಿಯೇ ಒಂದು ಸೀರೆ, ಕುಪ್ಪಸದ ಕಣ, ಅರಿಶಿನ ಕುಂಕುಮ ಚೀಲಕ್ಕೆ ಹಾಕಿಟ್ಟರು. ಅತ್ತೆಯ ಹಿರಿಮಗಳು ಈಗಲೂ ಪಿರಿಯಾಪಟ್ಟಣದ ಆ ಮನೆಯಲ್ಲೇ ಇದ್ದಾಳೆ. ಶನಿವಾರ ಮಧ್ಯಾಹ್ನ ಮಗ ಗಾಡಿ ಹೊರಡಿಸಿದ, ಹಿಂದೆ ನಾನು. ಮುಳ್ಳು ಒಮ್ಮೆ ನಡುಗಿ ಮೇಲೆದ್ದು ನಲವತ್ತರ ಹತ್ತಿರ ನಿಂತಿತು. ಊರು ದಾಟುವಷ್ಟರಲ್ಲಿ ಕೊನೆಯ ಏಳು ನಿಧಾನವಾಗಿ ಉರುಳಿ ಎಂಟಾಯಿತು.

ಸಂಜೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕೂತಿದ್ದರು. ಅವಳು ಹೇಗಿದ್ದಾಳೆ, ಸೀರೆ ಇಟ್ಟುಕೊಂಡಳಾ ಎಂದು ಕೇಳುತ್ತಾರೆಂದುಕೊಂಡೆ.

"ಮೀಟರು ಎಷ್ಟಾಯ್ತು?" ಎಂದರು. ಹೇಳಿದೆ. "ಪುಸ್ತಕದಲ್ಲಿ ಬರಿ. ನನಗೆ ಕಣ್ಣು ಕಾಣಲ್ಲ."

1981ರ ಆಗಸ್ಟಿನ ಪುಟ ತೆಗೆದು, ಅಮ್ಮನ ದುಂಡನೆಯ 58,417ರ ಕೆಳಗೆ ಬರೆದೆ.