ಹಿತ್ತಲ ಗಿಡದ ಚರಿತ್ರೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಆಡದ ಕನ್ನಡಿಗರಿಲ್ಲ. ಕಣ್ಣೆದುರಿಗಿರುವುದರ ಬೆಲೆ ನಮಗೆ ತಿಳಿಯದೆಂಬ ತಾತ್ಪರ್ಯದಲ್ಲಿ ಅದನ್ನು ಮನುಷ್ಯರಿಗೆ ಅನ್ವಯಿಸಿ ಹೇಳುತ್ತೇವೆಯೇ ಹೊರತು, ಗಾದೆಗೆ ಆಸರೆಯಾದ ಆ ಗಿಡವನ್ನೂ ಆ ಹಿತ್ತಲನ್ನೂ ಕುರಿತು ಆಲೋಚಿಸುವುದು ಅಪರೂಪ. ದೇವಾಲಯಕ್ಕೆ ಶಿಲಾಶಾಸನವುಂಟು, ಕೋಟೆಗೆ ಬಖೈರುಂಟು, ಕೆರೆಗೆ ದಾನಪತ್ರವುಂಟು. ಬಚ್ಚಲಿನ ನೀರು ಹರಿದುಹೋಗುವ, ಒಲೆಯ ಬೂದಿ ಬಂದು ಬೀಳುವ, ಹಗಲೆಲ್ಲ ಹೆಂಗಸರೂ ಮಕ್ಕಳೂ ಓಡಾಡುವ ಆ ಒಂದೆರಡು ಗುಂಟೆ ನೆಲದ ವೃತ್ತಾಂತವನ್ನು ಮಾತ್ರ ಯಾರೂ ಬರೆದಿಡಲಿಲ್ಲ. ಆದರೂ ಅಲ್ಲಿ ಬೆಳೆಯುವ ಗಿಡಗಳ ಹೆಸರುಗಳನ್ನೂ ಅವುಗಳ ಬೀಜವನ್ನು ಕಾಪಿಡುವ ಕ್ರಮವನ್ನೂ ತಾಳ್ಮೆಯಿಂದ ಗಮನಿಸಿದವನಿಗೆ, ಸಾಮ್ರಾಜ್ಯಗಳ ಉತ್ಥಾನಪತನಗಳಷ್ಟೇ ದೀರ್ಘವಾದ, ಅವುಗಳಿಗಿಂತ ಹೆಚ್ಚು ಫಲಪ್ರದವಾದ ಒಂದು ಚರಿತ್ರೆ ಅಲ್ಲಿ ಗೋಚರಿಸದೆ ಇರದು.

ಗಿಡಮರಗಳ ಆರೈಕೆಯನ್ನು ಶಾಸ್ತ್ರವೆಂದು ಎಣಿಸಿ ಬರೆದ ಪರಂಪರೆ ನಮ್ಮಲ್ಲಿ ಪ್ರಾಚೀನವಾದುದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ಬಿತ್ತುವ ಮುನ್ನ ಬೀಜವನ್ನು ಹಾಲಿನಲ್ಲಿ ನೆನೆಸಿ ಸಗಣಿಯಲ್ಲಿ ಉರುಳಿಸುವ ಸಂಸ್ಕಾರವನ್ನು ಹೇಳಿದ್ದಾನೆ. ಕನ್ನಡದಲ್ಲಿ ಇಮ್ಮಡಿ ಚಾವುಂಡರಾಯನು 1025ರಲ್ಲಿ ರಚಿಸಿದ ಲೋಕೋಪಕಾರವು, ಹೆಸರೇ ಸಾರುವಂತೆ, ಸಂಸಾರಿಗೆ ಉಪಯುಕ್ತವಾದ ವಿದ್ಯೆಗಳ ಭಂಡಾರ; ನೆಲದೊಳಗಿನ ಜಲವನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ ಇವೆಲ್ಲವೂ ಆ ಒಂದೇ ಗ್ರಂಥದಲ್ಲಿ ನೆರೆದಿರುವುದನ್ನು ಕಂಡಾಗ, ಬಾವಿ, ಹಿತ್ತಲು, ಅಡುಗೆಮನೆ ಈ ಮೂರೂ ಒಂದಕ್ಕೊಂದು ಹೊಂದಿಕೊಂಡ ನಮ್ಮ ಹಳೆಯ ಮನೆಯ ವಿನ್ಯಾಸವೇ ಪುಸ್ತಕರೂಪವನ್ನು ತಾಳಿ ನಿಂತಂತೆ ತೋರುತ್ತದೆ. ಅದಾದ ಸುಮಾರು ಐದು ಶತಮಾನಗಳ ಅನಂತರ, 1508ರ ವೇಳೆಗೆ, ಮೂರನೆಯ ಮಂಗರಸನು ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ಬರೆದಾಗ, ಅವನ ಅಡುಗೆಮನೆಯಲ್ಲಿ ಬದನೆ, ಬಾಳೆ, ಹಲಸುಗಳದೇ ವೈಭವ. ಈ ಮೂರೂ ಅಂದಿನಂತೆ ಇಂದಿಗೂ ಹಿತ್ತಲಿನ ಹಿರಿಯ ಒಕ್ಕಲುಗಳು.

ಆ ಕಾಲದ ಆಸುಪಾಸಿನಲ್ಲಿ ವಿಜಯನಗರವನ್ನು ಕಂಡ ಪರದೇಶಿಗಳು ಅಲ್ಲಿನ ಅರಮನೆಗಳಷ್ಟೇ ತೋಟಗಳಿಗೂ ಬೆರಗಾದರು. 1443ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ನಗರದ ಹೊರಗಣ ಕೋಟೆಗಳ ನಡುವೆ ಹೊಲ, ಮನೆ, ತೋಟಗಳು ಒಂದರೊಡನೊಂದು ಬೆರೆತಿರುವುದನ್ನು ವರ್ಣಿಸಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ ಪಯಸನು ಮಾವು, ಅಡಕೆ, ಹಲಸುಗಳನ್ನೂ, ಕಾಡಿನಂತೆ ಒತ್ತಾಗಿ ಬೆಳೆದಿದ್ದ ನಿಂಬೆ ಕಿತ್ತಳೆಗಳನ್ನೂ ಹೆಸರಿಸಿದ್ದಾನೆ. ಆದರೆ ಇವರ ಬರವಣಿಗೆಯಲ್ಲಿ ಮೆಣಸಿನಕಾಯಿಯನ್ನಾಗಲಿ, ಪರಂಗಿಹಣ್ಣನ್ನಾಗಲಿ, ಆಲೂಗಡ್ಡೆಯನ್ನಾಗಲಿ ಹುಡುಕುವುದು ವ್ಯರ್ಥ. ಇಂದು ಯಾವುವಿಲ್ಲದೆ ನಮ್ಮ ಸಾರು, ಪಲ್ಯ, ಗೊಜ್ಜುಗಳನ್ನು ಊಹಿಸಲಾರೆವೋ ಅವು ಆಗಿನ್ನೂ ಅಮೆರಿಕಾ ಖಂಡದಿಂದ ಹಡಗನ್ನೇರಿ ಹೊರಟಿದ್ದವು, ಅಥವಾ ಹೊರಡಲಿದ್ದವು. ಮಂಗರಸನು ತನ್ನ ಗ್ರಂಥವನ್ನು ಬರೆದ ಒಂದೆರಡು ವರ್ಷಗಳಲ್ಲಿಯೇ, 1510ರಲ್ಲಿ, ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ಆ ಬಂದರಿನ ಮುಖಾಂತರ ಹೊಸ ಪ್ರಪಂಚದ ಬೀಜಗಳು ಒಂದೊಂದಾಗಿ ನಮ್ಮ ದೇಶವನ್ನು ಪ್ರವೇಶಿಸಿದವು.

ಈ ಹೊಸಬರನ್ನು ನಮ್ಮವರು ಹೇಗೆ ಬರಮಾಡಿಕೊಂಡರೆಂಬುದನ್ನು ಹೆಸರುಗಳೇ ಹೇಳುತ್ತವೆ. ನಾಲಗೆಯನ್ನು ಸುಡುವ ಕಾಯಿಯೊಂದು ಬಂದಾಗ, ಅಲ್ಲಿಯವರೆಗೆ ಖಾರಕ್ಕೆ ಒಡೆಯನಾಗಿದ್ದ ಮೆಣಸಿನ ಹೆಸರನ್ನೇ ಅದಕ್ಕಿತ್ತು ಮೆಣಸಿನಕಾಯಿಯೆಂದರು. ಕಾಲಕ್ರಮದಲ್ಲಿ ಆ ಅತಿಥಿ ಎಷ್ಟು ಬಲವಾಗಿ ಬೇರೂರಿತೆಂದರೆ, ಮೂಲ ಯಜಮಾನನು ತನ್ನ ಗುರುತಿಗಾಗಿ ಕರಿಮೆಣಸೆಂದೋ ಕಾಳುಮೆಣಸೆಂದೋ, ಕರಾವಳಿಯಲ್ಲಿ ಒಳ್ಳೆಮೆಣಸೆಂದೋ ವಿಶೇಷಣವನ್ನು ಧರಿಸಬೇಕಾಯಿತು. ಕುಂಬಳದ ಕಥೆಯೂ ಇದೇ. ಪೂರ್ವಕಾಲದಿಂದಲೂ ನಮ್ಮಲ್ಲಿದ್ದ ಕೂಷ್ಮಾಂಡಕ್ಕೆ, ಹೊಳೆಯುವ ಕೆಂಬಣ್ಣದ ತಿರುಳಿನ ಸಿಹಿಗುಂಬಳ ಬಂದು ಪಕ್ಕದಲ್ಲಿ ಕುಳಿತ ಮೇಲೆ, ಬೂದುಗುಂಬಳವೆಂದು ಬಿಡಿಸಿ ಹೇಳುವ ಅಗತ್ಯ ಒದಗಿತು. ಪರಂಗಿಯವರಿಂದ ಬಂದುದು ಪರಂಗಿಹಣ್ಣಾಯಿತು. ಅದೇ ಹಣ್ಣು ಕರಾವಳಿಯಲ್ಲಿ ಬಪ್ಪಂಗಾಯಿ. ಘಟ್ಟದ ಮೇಲಿನ ಆಲೂಗಡ್ಡೆ ಘಟ್ಟದ ಕೆಳಗೆ ಪೋರ್ಚುಗೀಸರ ಮಾತಿನಲ್ಲಿಯೇ ಬಟಾಟೆಯಾಗಿ ಉಳಿಯಿತು. ಕಡಲಾಚೆಯಿಂದ ಬಂದ ವಸ್ತುವನ್ನು ತನ್ನ ಮನೆಯ ವಸ್ತುವಿನ ನಂಟನೆಂದು ಭಾವಿಸಿ ಹೆಸರಿಡುವ ಈ ಔದಾರ್ಯವು ಪಂಡಿತರದಲ್ಲ. ಬೆಳೆದು, ಹೆಚ್ಚಿ, ಬೇಯಿಸಿ ನೋಡಿದವರದು.

ಇದರ ನಡುವೆ ಅರಸರೂ ತಮ್ಮ ಹಿತ್ತಲುಗಳನ್ನು ಕಟ್ಟಿದರು. 1760ರಲ್ಲಿ ಹೈದರಾಲಿಯು ಶಿರಾದ ಮೊಗಲ್ ಉದ್ಯಾನವನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನಲ್ಲಿ 40 ಎಕರೆಯಷ್ಟು ನೆಲದಲ್ಲಿ ಆರಂಭಿಸಿದ ಲಾಲ್‌ಬಾಗಿಗೆ, ಅವನ ಮಗ ಟಿಪ್ಪುವು ಕಾಬೂಲ್, ಪರ್ಷಿಯಾ, ತುರ್ಕಿ, ಮಾರಿಷಸ್ ಮೊದಲಾದ ಕಡೆಗಳಿಂದ ಸಸ್ಯಗಳನ್ನು ತರಿಸಿದನು. ಶ್ರೀರಂಗಪಟ್ಟಣ ಪತನವಾದ ಮರುವರ್ಷ, 1800ರಲ್ಲಿ, ಈ ತೋಟವನ್ನು ನೋಡಿದ ಪ್ರವಾಸಿ ಫ್ರಾನ್ಸಿಸ್ ಬುಕಾನನ್ನನು, ಚೌಕ ಚೌಕವಾದ ಪಾತಿಗಳು, ಅವುಗಳ ನಡುವಣ ಕಾಲುದಾರಿ, ದಾರಿಯ ಅಂಚಿಗೆ ಸಾಲುಗಟ್ಟಿದ ಸೈಪ್ರೆಸ್ ಮರಗಳು, ಒಂದು ಚೌಕದಲ್ಲಿ ಬರಿಯ ಗುಲಾಬಿ, ಇನ್ನೊಂದರಲ್ಲಿ ಬರಿಯ ದಾಳಿಂಬೆ ಎಂದು ವಿವರವಾಗಿ ಬರೆದಿಟ್ಟನು. ಅದೇ ಪ್ರವಾಸದಲ್ಲಿ ಅವನು ಈ ಸೀಮೆಯ ತೋಟಗಳನ್ನು ತರಕಾರಿಯ ತೋಟ, ತೆಂಗಿನ ತೋಟ, ಎಲೆಯ ತೋಟ, ಹೂವಿನ ತೋಟ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಮನೆಯ ಹಿತ್ತಲು ಈ ನಾಲ್ಕರಲ್ಲಿ ಯಾವುದಕ್ಕೂ ಸೇರದು, ಏಕೆಂದರೆ ನಾಲ್ಕೂ ಅದರಲ್ಲಿಯೇ ಅಡಗಿವೆ: ಬಾವಿಯ ಬಳಿ ತೆಂಗು, ಅದಕ್ಕೆ ಹಬ್ಬಿದ ವೀಳ್ಯದೆಲೆ, ತುಳಸಿಯ ಮಗ್ಗುಲಲ್ಲಿ ಮಲ್ಲಿಗೆ, ಉಳಿದೆಡೆಯೆಲ್ಲ ಹರಿವೆ ದಂಟು ಬೆಂಡೆ.

1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಅವರ ಊಟದ ಮೇಜಿಗೆ ಬೇಕಾದ ತರಕಾರಿಗಳ ಕೃಷಿಯೂ ಬೆಳೆಯಿತು. ನೋಲ್‌ಕೋಲ್ ಎಂಬುದು ನಮ್ಮವರ ಬಾಯಲ್ಲಿ ನವಿಲುಕೋಸಾಗಿ ಅಂದವನ್ನು ಪಡೆಯಿತು. 1856ರಲ್ಲಿ ಲಾಲ್‌ಬಾಗು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ 1908ರವರೆಗೆ ಅದರ ಅಧೀಕ್ಷಕನಾಗಿದ್ದ ಜಾನ್ ಕ್ಯಾಮೆರಾನನು ಅನೇಕ ಹೊಸ ಸಸ್ಯಗಳನ್ನು ಅಲ್ಲಿ ಪಳಗಿಸಿದನು. ಅವುಗಳಲ್ಲಿ ನಮ್ಮ ಹಿತ್ತಲಿಗೆ ಅತ್ಯಂತ ಪ್ರಿಯವಾದುದು ಸೀಮೆಬದನೆ. ಇದು ಬದನೆಯ ಕುಲದ್ದಲ್ಲ, ಸೌತೆ ಕುಂಬಳಗಳ ಕುಲದ್ದು. ಇದರ ವೈಚಿತ್ರ್ಯವೆಂದರೆ, ಕಾಯಿಯೊಳಗಿನ ಒಂದೇ ಒಂದು ಬೀಜವು ಕಾಯಿಯಲ್ಲಿರುವಾಗಲೇ ಮೊಳೆಯುತ್ತದೆ. ಬೀಜವನ್ನು ಬಿಡಿಸಿ ಒಣಗಿಸಿ ಪೊಟ್ಟಣ ಕಟ್ಟಿ ಮಾರಲು ಇದು ಒಗ್ಗದು. ಮೊಳಕೆ ಮೂಡಿದ ಇಡಿಯ ಕಾಯಿಯನ್ನೇ ನೆಡಬೇಕು. ಆದುದರಿಂದ ಸೀಮೆಬದನೆ ಬೀಜದಂಗಡಿಯ ದಾರಿಯಲ್ಲಿ ಹರಡದೆ, ನೆರೆಮನೆಯವರ ಕೈಯಿಂದ ಕೈಗೆ ಸಾಗಿತು. ಒಮ್ಮೆ ಬೇರೂರಿ ಚಪ್ಪರವೇರಿದರೆ ಒಂದೇ ಬಳ್ಳಿ ಒಂದು ಸಂಸಾರಕ್ಕೆ ಸಾಕಾಗಿ ಮಿಗುವಷ್ಟು ಕಾಯಿಗಳನ್ನು ಕೊಡುವುದರಿಂದ, ಹಂಚದೆ ಬೇರೆ ಗತಿಯೂ ಇರಲಿಲ್ಲ.

ಅರಸರ ಉದ್ಯಾನಕ್ಕೆ ಬಂದ ಗಿಡ ನಮ್ಮದಾಗುವುದು ಅದು ಬಚ್ಚಲ ನೀರನ್ನು ಕುಡಿದ ಮೇಲೆಯೇ ಎಂಬುದು ನನ್ನ ದೃಢವಾದ ನಂಬಿಕೆ. ಅದಕ್ಕೆ ಕಾರಣ ನಾನು ಬಾಲ್ಯದಲ್ಲಿ ಕಂಡ ಅಜ್ಜಿಯ ಹಿತ್ತಲು. ಮಲೆನಾಡಿನ ಅಂಚಿನ ಆ ಊರಿನಲ್ಲಿ ಬಚ್ಚಲಿನ ಗೋಡೆಯ ತೂತಿನಿಂದ ಹೊರಬಿದ್ದ ನೀರು, ಕಲ್ಲುಹಾಸಿದ ಗೇಣಗಲದ ಕಾಲುವೆಯಲ್ಲಿ ಹರಿದು ಮೊದಲು ಬಾಳೆಯ ಬುಡಕ್ಕೂ ಅಲ್ಲಿಂದ ಬಸಳೆಯ ಚಪ್ಪರಕ್ಕೂ ಸೇರುತ್ತಿತ್ತು. ಮೈಗೆ ಹಚ್ಚುತ್ತಿದ್ದುದು ಸೀಗೆಪುಡಿ, ಕಡಲೆಹಿಟ್ಟುಗಳಾದುದರಿಂದ ಆ ನೀರು ಗಿಡಗಳಿಗೆ ಹಿತವಾಗಿಯೇ ಇತ್ತು. ಬೆಳಗ್ಗೆ ಒಲೆಯಿಂದ ಬಳಿದ ಬೂದಿಯನ್ನು ಅಜ್ಜಿ ಮಂಜು ಆರುವ ಮುನ್ನ ಹೀರೆ ಪಡುವಲಗಳ ಎಲೆಯ ಮೇಲೆ ಉದುರಿಸುತ್ತಿದ್ದಳು. ತೇವಕ್ಕೆ ಅಂಟಿಕೊಂಡ ಬೂದಿ ಹುಳುವನ್ನು ದೂರವಿಡುತ್ತಿತ್ತು, ಮಳೆಗೆ ತೊಳೆದುಹೋದಾಗ ಗೊಬ್ಬರವಾಗುತ್ತಿತ್ತು. ದಿನವೂ ಎಳೆಗಾಯಿಯನ್ನು ಕೊಯ್ಯದೆ ಬಿಡುತ್ತಿರಲಿಲ್ಲ. ಕಾಯಿ ಬಲಿತರೆ ಬಳ್ಳಿ ತನ್ನ ಕೆಲಸ ಮುಗಿಯಿತೆಂದು ಹೂಬಿಡುವುದನ್ನು ಕಡಿಮೆ ಮಾಡುತ್ತದೆ, ಕೊಯ್ದಷ್ಟೂ ಮತ್ತೆ ಬಿಡುತ್ತದೆ ಎಂಬ ಸಸ್ಯಧರ್ಮವನ್ನು ಅವಳು ಪುಸ್ತಕದಿಂದ ಕಲಿತವಳಲ್ಲ. ಪ್ರತಿಯೊಂದು ಬಳ್ಳಿಯಲ್ಲಿಯೂ ಮೊದಲಿಗೆ ಬಿಟ್ಟ, ನೀಳವಾದ, ಊನವಿಲ್ಲದ ಒಂದು ಕಾಯಿಗೆ ಮಾತ್ರ ಹಳೆಯ ಸೀರೆಯ ಅಂಚಿನ ಚಿಂದಿಯನ್ನು ಕಟ್ಟಿಬಿಡುವಳು. ಅದು ಬೀಜಕ್ಕೆ ಬಿಟ್ಟ ಕಾಯಿ. ಮನೆಯಲ್ಲಿ ಎಂತಹ ಅಭಾವವಿದ್ದರೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಸೌತೆ, ಕುಂಬಳಗಳ ಬೀಜವನ್ನು ಸಗಣಿಯಲ್ಲಿ ಕಲಸಿ, ಅಡುಗೆಮನೆಯ ಹೊರಗೋಡೆಗೆ ಅಂಗೈಯಗಲದ ಬಿಲ್ಲೆಯಾಗಿ ಬಡಿದು, ಮುಂದಿನ ಮಳೆಗಾಲದವರೆಗೆ ಅಜ್ಜಿ ಹಾಗೆಯೇ ಬಿಡುತ್ತಿದ್ದಳು. ಬಿಲ್ಲೆಯ ಮೇಲೆ ಅವಳ ಐದು ಬೆರಳುಗಳ ಗುರುತು ಒಣಗಿ ನಿಂತಿರುತ್ತಿತ್ತು. ವರಾಹಮಿಹಿರನ ಹೆಸರನ್ನು ಕೇಳಿದವಳಲ್ಲದ ಅವಳ ಅಂಗೈಯಲ್ಲಿ ಅವನ ಕಾಲದ ಬೀಜಸಂಸ್ಕಾರವು ಅಳಿಯದೆ ಉಳಿದು ಬಂದಿತ್ತೆಂಬುದನ್ನು ನಾನು ಅರಿತದ್ದು ಬಹುಕಾಲದ ಮೇಲೆ. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಬಿಲ್ಲೆಯನ್ನು ಗೋಡೆಯಿಂದ ಎಬ್ಬಿಸಿ, ಮುರಿದು, ಅರ್ಧವನ್ನು ತಾನಿಟ್ಟುಕೊಂಡು ಅರ್ಧವನ್ನು ಕೇಳಬಂದವರಿಗೆ ಕೊಡುವಳು. ಬೀಜ ಕೇಳಿದವರಿಗೆ ಇಲ್ಲವೆನ್ನಬಾರದು. ಬೇಲಿ ದಾಟಿದ ಬಳ್ಳಿಯ ಕಾಯಿ ಆಚೆಮನೆಯವರದು. ಈ ಎರಡು ಕಟ್ಟಳೆಗಳು ಆ ಹಿತ್ತಲಿನ ಧರ್ಮಶಾಸ್ತ್ರವಾಗಿದ್ದವು. ನಮ್ಮ ಮಹಾತ್ಮರಿಗೂ ಈ ಧರ್ಮ ತಿಳಿದಿತ್ತು. ಉಡುಪಿಯ ಸಮೀಪದ ಮಟ್ಟು ಗ್ರಾಮದ ಗುಳ್ಳಬದನೆಯ ಬೀಜವನ್ನು ಯತಿ ವಾದಿರಾಜರು ಪ್ರಸಾದರೂಪವಾಗಿ ಅನುಗ್ರಹಿಸಿದರೆಂಬ ಐತಿಹ್ಯವನ್ನು ಅಲ್ಲಿನ ಜನ ಇಂದಿಗೂ ಶ್ರದ್ಧೆಯಿಂದ ಹೇಳುತ್ತಾರೆ.

ಇಪ್ಪತ್ತನೆಯ ಶತಮಾನದಲ್ಲಿ ಹಿತ್ತಲಿನ ಈ ವಿದ್ಯೆಯೊಡನೆ ವಿಜ್ಞಾನವು ಕೈಜೋಡಿಸಿತು. ಕ್ಯಾಮೆರಾನನ ಅನಂತರ ಬಂದ ಜರ್ಮನಿಯ ಕ್ರುಂಬಿಗಲ್ಲರು ಮೈಸೂರು ಸಂಸ್ಥಾನದ ತೋಟಗಾರಿಕೆಗೆ ಶಿಸ್ತಿನ ತಳಹದಿಯನ್ನು ಹಾಕಿದರು. ಹಾರ್ವರ್ಡಿನಲ್ಲಿ ಡಾಕ್ಟರೇಟ್ ಪಡೆದು ಬಂದ ಮರೀಗೌಡರು, 1963ರಲ್ಲಿ ತೋಟಗಾರಿಕೆಯು ಪ್ರತ್ಯೇಕ ಇಲಾಖೆಯಾದಾಗ ಅದರ ನಿರ್ದೇಶಕರಾಗಿ, ಒಳ್ಳೆಯ ಸಸಿಯು ಸಾಮಾನ್ಯನ ಕೈಗೆ ಸಿಗುವಂತಾಗಲೆಂದು ನಾಡಿನ ಮೂಲೆಮೂಲೆಯಲ್ಲಿ ಸಸಿತೋಟಗಳನ್ನು ತೆರೆದರು. 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ಅದರ ಕೊಡಗಿನ ಚೆಟ್ಟಳ್ಳಿಯ ಕೇಂದ್ರದಲ್ಲಿ ಆಯ್ದು ಬೆಳೆಸಿದ ಕೂರ್ಗ್ ಹನಿಡ್ಯೂ ಎಂಬ ಪರಂಗಿಯನ್ನು ಇಲ್ಲಿ ನೆನೆಯಬೇಕು. ಸಾಮಾನ್ಯ ಪರಂಗಿಯಲ್ಲಿ ಗಂಡುಗಿಡ, ಹೆಣ್ಣುಗಿಡಗಳು ಬೇರೆಬೇರೆ. ಒಂದೇ ಗಿಡಕ್ಕೆ ಸ್ಥಳವುಳ್ಳವನು ವರ್ಷವೊಪ್ಪತ್ತು ನೀರೆರೆದು ಕಾದರೂ ಕಡೆಗೆ ಅದು ಗಂಡೆಂದು ತಿಳಿದು ಕಡಿದುಹಾಕುವ ದುರ್ದೈವವುಂಟು. ಈ ತಳಿಯಲ್ಲಿ ಬರಿಯ ಗಂಡುಗಿಡವೇ ಹುಟ್ಟದು, ನೆಟ್ಟವನಿಗೆ ಹಣ್ಣು ಖಂಡಿತ. ದೊಡ್ಡ ತೋಟದವನಿಗಿಂತ ಚಿಕ್ಕ ಹಿತ್ತಲಿನವನಿಗೆ ಇದರಿಂದಾದ ಉಪಕಾರ ಹೆಚ್ಚಿನದು.

ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆಯು, ಎಲೆಯ ನರಗಳು ಹಳದಿಯಾಗಿ ಗಿಡವೇ ಸೊರಗುವ ನಂಜುರೋಗವನ್ನು ತಡೆದುಕೊಂಡಿತು. ಅದರ ಬೀಜವನ್ನು ಮನೆಯಲ್ಲಿಯೇ ಉಳಿಸಿಕೊಂಡು ಮತ್ತೆ ಬಿತ್ತಬಹುದು. ಅರ್ಕಾ ರಕ್ಷಕ್ ಎಂಬ ಟೊಮೇಟೊ ಮೂರು ರೋಗಗಳನ್ನು ತಾಳಿಕೊಂಡು ಅಪಾರವಾಗಿ ಫಲಿಸುತ್ತದೆ. ಆದರೆ ಅದು ಸಂಕರತಳಿಯಾದುದರಿಂದ, ಅದರ ಹಣ್ಣಿನಿಂದ ತೆಗೆದ ಬೀಜವು ತಾಯಿಯ ಗುಣವನ್ನು ಪೂರ್ಣವಾಗಿ ತೋರದು, ಪ್ರತಿಸಲವೂ ಹೊಸದಾಗಿ ಕೊಳ್ಳಬೇಕು. ಸಂಕರತಳಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಸಿದ ದೇಶಕ್ಕೆ ಅಧಿಕ ಇಳುವರಿಯು ವರವೇ ಸರಿ. ಆದರೆ ಚಿಂದಿ ಕಟ್ಟಿದ ಆ ಒಂದು ಕಾಯಿಯ ಅಗತ್ಯವೇ ಇಲ್ಲದ ಹಿತ್ತಲಿನಲ್ಲಿ, ಬೀಜವನ್ನು ಆಯುವ ಕಣ್ಣೂ ಹಂಚುವ ಕೈಯೂ ಕ್ರಮೇಣ ಅಭ್ಯಾಸ ತಪ್ಪುತ್ತವೆಂಬುದನ್ನು ಮರೆಯಲಾಗದು. ಇದನ್ನು ಅರಿತೇ ಶಿರಸಿಯ ಕಡೆಯ ಹೆಣ್ಣುಮಕ್ಕಳು ವನಸ್ತ್ರೀ ಎಂಬ ಹೆಸರಿನಲ್ಲಿ ಕೂಡಿಕೊಂಡು, ಮಲೆನಾಡಿನ ಹಿತ್ತಲುಗಳ ಹಳೆಯ ಬೀಜಗಳನ್ನು ಕಲೆಹಾಕಿ ವಿನಿಮಯ ಮಾಡಿಕೊಳ್ಳುತ್ತಿದ್ದಾರೆ. ಹೊಸ ತಳಿಗೂ ಹಳೆಯ ಬೀಜಕ್ಕೂ ಒಂದೇ ಪಾತಿಯಲ್ಲಿ ಸ್ಥಳವುಂಟು; ಐನೂರು ವರ್ಷಗಳಿಂದ ಹಿತ್ತಲು ಮಾಡಿಕೊಂಡು ಬಂದುದೂ ಅದನ್ನೇ ಅಲ್ಲವೆ?

ನಾನೀಗ ಇರುವುದು ಬೆಂಗಳೂರಿನ ಒತ್ತೊತ್ತಾದ ಮನೆಗಳ ಬೀದಿಯಲ್ಲಿ. ಹಿತ್ತಲಿಲ್ಲ, ತಾರಸಿಯುಂಟು. ಎರಡು ವರ್ಷಗಳ ಕೆಳಗೆ ಎದುರುಮನೆಯ ಹಿರಿಯ ಹೆಂಗಸೊಬ್ಬರು ತುದಿಯಲ್ಲಿ ಮೊಳಕೆ ಇಣುಕುತ್ತಿದ್ದ ಒಂದು ಸೀಮೆಬದನೆಯನ್ನು ತಂದು, “ಪಲ್ಯ ಮಾಡಿಬಿಡಬೇಡಪ್ಪ, ನೆಡು” ಎಂದು ಹೇಳಿ ಕೊಟ್ಟರು. ಹಳೆಯ ಪೀಪಾಯಿಯೊಂದಕ್ಕೆ ಮಣ್ಣನ್ನೂ ಕೊಟ್ಟಿಗೆ ಗೊಬ್ಬರವನ್ನೂ ತುಂಬಿ, ಕಾಯಿಯನ್ನು ಓರೆಯಾಗಿ ಮಲಗಿಸಿ, ಮೊಳಕೆಯಷ್ಟನ್ನೇ ಹೊರಗೆ ಬಿಟ್ಟು ನೆಟ್ಟೆನು. ಬಚ್ಚಲ ನೀರಿನ ಬದಲು ಅಕ್ಕಿ ತೊಳೆದ ನೀರು, ಒಲೆಯ ಬೂದಿಯ ಬದಲು ಅಡುಗೆಮನೆಯ ಸಿಪ್ಪೆಗಳು ಕೊಳೆತ ಗೊಬ್ಬರ. ಈ ವರ್ಷ ಅದರ ಬಳ್ಳಿ ಬಟ್ಟೆ ಒಣಗಿಸುವ ತಂತಿಯನ್ನು ಹಿಡಿದು ಪಕ್ಕದ ಮನೆಯ ಅಡ್ಡಗೋಡೆಯನ್ನು ದಾಟಿ ಆ ಕಡೆಗೆ ತೂಗಾಡುತ್ತಿದೆ. ಆ ಮನೆಗೆ ಹೊಸದಾಗಿ ಬಂದ ದಂಪತಿಗಳ ಪರಿಚಯ ನನಗಿರಲಿಲ್ಲ. ಮೊನ್ನೆ ಬೆಳಗ್ಗೆ ಆ ಹುಡುಗಿ ಗೋಡೆಯಾಚೆಯಿಂದ, ತಮ್ಮ ಕಡೆ ನಾಲ್ಕು ಕಾಯಿ ಬಿಟ್ಟಿವೆ, ಕೊಯ್ದು ಕೊಡಲೇ ಎಂದು ಕೇಳಿದಳು. ಅವು ನಿಮ್ಮವೇ ತಾಯಿ, ಒಂದನ್ನು ಮಾತ್ರ ಮೊಳೆಯಲು ಬಿಡಿ ಎಂದೆನು.