ಪಿಸ್ತೂಲಿನ ಗುಂಡಿನ ಗಾತ್ರ: ಅರ್ಧ ಓದಿದ ಒಂದು ವರದಿಯ ಇತಿಹಾಸ

ಆತ್ಮರಕ್ಷಣೆಗೆಂದು ಸದಾ ಮೈಮೇಲೆ ಇಟ್ಟುಕೊಳ್ಳುವ ಪಿಸ್ತೂಲಿನ ಗುಂಡು ಎಷ್ಟು ದಪ್ಪದ್ದಾಗಿರಬೇಕು? ಮೇಲುನೋಟಕ್ಕೆ ಇದು ಆಯುಧ ತಯಾರಕರು ಮಾತ್ರ ಚರ್ಚಿಸಬೇಕಾದ ವಿಷಯವೆಂದು ತೋರುವುದು. ಆದರೆ ಈ ಪ್ರಶ್ನೆಯ ಹಿಂದೆ ನೂರು ವರ್ಷಗಳಿಗೂ ಮೀರಿದ ಒಂದು ಇತಿಹಾಸವುಂಟು. 1904ರಲ್ಲಿ ಅಮೆರಿಕದ ಇಬ್ಬರು ಸೇನಾಧಿಕಾರಿಗಳು ಸಲ್ಲಿಸಿದ ವರದಿಯೊಂದರಲ್ಲಿ ಎರಡು ಮಾತುಗಳಿದ್ದುವು. ಮೊದಲನೆಯದು ಸೇನೆಯ ನಿಯಮವಾಯಿತು; ಎರಡನೆಯದು ಕಡತದಲ್ಲಿ ಉಳಿಯಿತು. ಆ ಎರಡನೆಯ ಮಾತಿಗೆ ಮನ್ನಣೆ ದೊರೆತ ಬಗೆಯೇ ಈ ಲೇಖನದ ವಸ್ತು.

ಬಂದೂಕಿನ ನಳಿಗೆಯ ಒಳವ್ಯಾಸವನ್ನು ಕ್ಯಾಲಿಬರ್ ಅಥವಾ ಬೋರ್ ಎನ್ನುವರು. ಇಂಗ್ಲೆಂಡ್ ಅಮೆರಿಕಗಳಲ್ಲಿ ಇದನ್ನು ಅಂಗುಲದ ನೂರನೆಯ ಭಾಗಗಳಲ್ಲಿಯೂ, ಯೂರೋಪಿನ ಉಳಿದೆಡೆ ಮಿಲಿಮೀಟರುಗಳಲ್ಲಿಯೂ ಅಳೆಯುವ ವಾಡಿಕೆ. .45 ಎಂದರೆ ಸುಮಾರು 11.4 ಮಿಲಿಮೀಟರು. ಹೆಸರಿಗೂ ಅಳತೆಗೂ ಯಾವಾಗಲೂ ತಾಳೆಯಿರುವುದಿಲ್ಲ; .38 ಎಂದು ಕರೆಯಲ್ಪಡುವ ಗುಂಡಿನ ನಿಜವಾದ ವ್ಯಾಸ ಸುಮಾರು 9 ಮಿಲಿಮೀಟರು ಮಾತ್ರ. ಈ ಸಣ್ಣ ಸಂಗತಿ ಮುಂದೆ ಉಪಯೋಗಕ್ಕೆ ಬರುವುದು.

ಗುಂಡು ತಗುಲಿದರೂ ಶತ್ರು ಬೀಳಲಿಲ್ಲವೆಂಬ ದೂರು ಭಾರತದ ಗಡಿಯಲ್ಲಿಯೂ ಕೇಳಿಬಂದಿದ್ದಿತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ .303 ರೈಫಲಿನ ಗುಂಡು ಶತ್ರುವನ್ನು ತಡೆಯಲಾರದೆಂದು ಬ್ರಿಟಿಷ್ ಸೈನಿಕರು ಹೇಳಿದರು. ಇದರ ಫಲವಾಗಿ ಕಲಕತ್ತೆಯ ಬಳಿಯ ದಮ್ ದಮ್ ಕಾರ್ಖಾನೆಯಲ್ಲಿ, ಮೈಯನ್ನು ಹೊಕ್ಕೊಡನೆ ಅರಳಿಕೊಳ್ಳುವ ಮೃದು ತುದಿಯ ಗುಂಡು ಸಿದ್ಧವಾಯಿತು. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಅಂತಹ ಗುಂಡನ್ನು ನಿಷೇಧಿಸಿತು. ಸೇನೆಗಳಿಗೆ ಆ ದಾರಿ ಮುಚ್ಚಿದ ಮೇಲೆ ಗುಂಡಿನ ದಪ್ಪವನ್ನೇ ಹೆಚ್ಚಿಸುವ ಆಲೋಚನೆಗೆ ಬಲ ಬಂದುದು ಸಹಜ.

ಅದೇ ಕಾಲಕ್ಕೆ ಅಮೆರಿಕದ ಸೇನೆ ಫಿಲಿಪೈನ್ ದ್ವೀಪಗಳಲ್ಲಿ ಹೋರಾಡುತ್ತಿದ್ದಿತು. ಅಧಿಕಾರಿಗಳ ಸೊಂಟದಲ್ಲಿದ್ದುದು .38 ರಿವಾಲ್ವರ್. ದಕ್ಷಿಣದ ದ್ವೀಪಗಳ ಮೋರೋ ಯೋಧರು ಹಲವು ಗುಂಡು ತಿಂದ ಮೇಲೂ ಖಡ್ಗ ಹಿಡಿದು ಮೇಲೆ ಬೀಳುವರೆಂಬ ವರದಿಗಳು ಬಂದುವು. ಸೇನೆ ಹಳೆಯ .45 ರಿವಾಲ್ವರುಗಳನ್ನು ಉಗ್ರಾಣದಿಂದ ತೆಗೆಸಿ ಹಂಚಿತು. ಜೊತೆಗೆ ಪರೀಕ್ಷೆಯೊಂದನ್ನು ನಡೆಸಲು ಆಜ್ಞೆ ಮಾಡಿತು. ಆಯುಧ ವಿಭಾಗದ ಜಾನ್ ಥಾಂಪ್ಸನ್ ಮತ್ತು ವೈದ್ಯ ವಿಭಾಗದ ಲೂಯಿ ಲಗಾರ್ಡ್ ಎಂಬಿಬ್ಬರು ಶಿಕಾಗೋ ನಗರದ ಕಸಾಯಿಖಾನೆಯಲ್ಲಿ ಜೀವಂತ ದನಗಳ ಮೇಲೂ, ಬೇರೆಡೆ ಮನುಷ್ಯರ ಶವಗಳ ಮೇಲೂ ಹಲವು ಗಾತ್ರದ ಗುಂಡುಗಳನ್ನು ಹಾರಿಸಿ ನೋಡಿದರು. ಪ್ರಾಣಿಗಳ ಸಂಖ್ಯೆ ಅಲ್ಪ. ಪೆಟ್ಟು ಬಿದ್ದ ಅಂಗವೂ ಪ್ರತಿ ಸಾರಿ ಒಂದೇ ಆಗಿರಲಿಲ್ಲ. ಹೀಗಿದ್ದರೂ ಸೈನಿಕ ಪಿಸ್ತೂಲಿನ ಗುಂಡು .45ಕ್ಕೆ ಕಡಮೆಯಾಗಿರಕೂಡದೆಂದು ವರದಿ ತೀರ್ಮಾನಿಸಿತು. 1911ರಲ್ಲಿ ಸೇನೆ ಅಂಗೀಕರಿಸಿದ .45 ಪಿಸ್ತೂಲು 1985ರವರೆಗೆ ಅದರ ಅಧಿಕೃತ ಪಿಸ್ತೂಲಾಗಿ ಉಳಿಯಿತು.

ವರದಿಯ ಎರಡನೆಯ ಮಾತು ಇದು: ಮನುಷ್ಯಶರೀರದ ಬಹುಭಾಗದಲ್ಲಿ ಪಿಸ್ತೂಲಿನ ಗುಂಡು ತಗುಲಿದರೂ ಎದುರಾಳಿ ಒಡನೆ ನಿಲ್ಲುವನೆಂಬ ಆಶೆಯಿಲ್ಲ, ಆದುದರಿಂದ ಪಿಸ್ತೂಲು ಧರಿಸುವವರಿಗೆ ಗುರಿಯ ಅಭ್ಯಾಸವನ್ನು ಎಡೆಬಿಡದೆ ಮಾಡಿಸತಕ್ಕದ್ದು. ಗಾತ್ರವನ್ನು ಒಮ್ಮೆ ಹಣ ಕೊಟ್ಟು ಕೊಳ್ಳಬಹುದು. ಅಭ್ಯಾಸದ ಖರ್ಚಾದರೋ ವರ್ಷವರ್ಷವೂ ಬರುವಂಥದು. ಮೊದಲನೆಯ ಮಾತೇ ಜನರ ಬಾಯಲ್ಲಿ ನಿಂತುದು ಆಶ್ಚರ್ಯವಲ್ಲ.

ನಗರದಲ್ಲಿ ಬಾಳುವವನಿಗೆ ದೊಡ್ಡ ಪಿಸ್ತೂಲನ್ನು ದಿನವೂ ಹೊತ್ತು ತಿರುಗುವುದು ಅನುಕೂಲವಲ್ಲ. ಆದುದರಿಂದ ಅಮೆರಿಕದ ಪೋಲೀಸರಲ್ಲಿಯೂ ನಾಗರಿಕರಲ್ಲಿಯೂ .38 ಸ್ಪೆಷಲ್ ಎಂಬ ತೋಟಾ ಬಹುಕಾಲ ಬಳಕೆಯಲ್ಲಿದ್ದಿತು. 1950ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆ ಅದೇ ತೋಟಾವನ್ನು ಹಾರಿಸುವ, ಐದೇ ಗುಂಡುಗಳ ಚಿಕ್ಕ ರಿವಾಲ್ವರನ್ನು ಹೊರತಂದಿತು. ಚಿಕ್ಕದಾದಷ್ಟೂ ಬಚ್ಚಿಡಲು ಸುಲಭ; ಆದರೆ ಹಗುರವಾದ ಆಯುಧದ ಒದೆತ ಹೆಚ್ಚು, ಗುರಿ ಕಷ್ಟ. ಒಂದು ಕಡೆ ಗಳಿಸಿದುದನ್ನು ಇನ್ನೊಂದು ಕಡೆ ತೆರಬೇಕಾಗುವುದು ಈ ಆಯ್ಕೆಯ ಸ್ವಭಾವವೇ ಆಗಿದೆ.

1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದ ಕಾಳಗ ಹಳೆಯ ವಾದವನ್ನು ಮತ್ತೆ ಎಬ್ಬಿಸಿತು. ಇಬ್ಬರು ದರೋಡೆಕೋರರನ್ನು ಎದುರಿಸಿದ ಎಫ್.ಬಿ.ಐ. ಸಂಸ್ಥೆಯ ಎಂಟು ಮಂದಿಯಲ್ಲಿ ಇಬ್ಬರು ಸತ್ತರು, ಐವರು ಗಾಯಗೊಂಡರು. ಆರಂಭದಲ್ಲಿಯೇ ಒಂದು 9 ಮಿಲಿಮೀಟರಿನ ಗುಂಡು ದರೋಡೆಕೋರನೊಬ್ಬನ ತೋಳನ್ನು ತೂರಿ ಎದೆಯನ್ನು ಹೊಕ್ಕು, ಹೃದಯಕ್ಕೆ ಸುಮಾರು ಒಂದು ಅಂಗುಲ ದೂರದಲ್ಲಿ ನಿಂತಿತು. ಆತ ಅನಂತರವೂ ಹೋರಾಡಿದನು. ದೋಷವನ್ನು ಆ ಗುಂಡಿನ ಮೇಲೆ ಹೊರಿಸಲಾಯಿತು.

ಆದರೆ ಮುಂದಿನ ವಿಚಾರಣೆ ಹೆಚ್ಚು ಶಾಸ್ತ್ರೀಯವಾಗಿದ್ದಿತು. 1989ರಲ್ಲಿ ಎಫ್.ಬಿ.ಐ. ಪ್ರಕಟಿಸಿದ ಪತ್ರವು, ಪಿಸ್ತೂಲಿನ ಗುಂಡು ಮನುಷ್ಯನನ್ನು ಕೆಡಹುವುದೆಂಬ ನಂಬಿಕೆಯೇ ತಪ್ಪೆಂದು ತೋರಿಸಿತು. ಹೃದಯವೇ ಒಡೆದರೂ ಮೆದುಳಿನಲ್ಲಿ ಉಳಿದ ಆಮ್ಲಜನಕದಿಂದ ಮನುಷ್ಯ 10–15 ಸೆಕೆಂಡು ಕೈಯಾಡಿಸಬಲ್ಲನು. ಗುಂಡು ಸರಿಯಾದ ಸ್ಥಾನವನ್ನು ಸಾಕಷ್ಟು ಆಳಕ್ಕೆ ತಲುಪುವುದೇ ಮುಖ್ಯ. ವ್ಯಾಸ ಅನಂತರದ ಮಾತು. ಮೃದು ಅಂಗಾಂಶಕ್ಕೆ ಬದಲಾಗಿ ಬಳಸುವ ಜೆಲಟಿನ್ನಿನಲ್ಲಿ ಗುಂಡು ಕನಿಷ್ಠ 12 ಅಂಗುಲ ಹೋಗಬೇಕೆಂದು ನಿಯಮವಾಯಿತು.

ಹೀಗಿದ್ದೂ ಸಂಸ್ಥೆ ಮೊದಲು ಆರಿಸಿದುದು ಬಲವಾದ 10 ಮಿಲಿಮೀಟರಿನ ತೋಟಾವನ್ನೇ. ಅದರ ಒದೆತ ಹಲವರಿಗೆ ಹಿಡಿತಕ್ಕೆ ಸಿಕ್ಕದಾಯಿತು. ಮದ್ದನ್ನು ತಗ್ಗಿಸಿದರು, ತಗ್ಗಿಸಿದ ಮದ್ದಿಗೆ ಅಷ್ಟುದ್ದದ ತೋಟಾ ಬೇಡವೆಂದು 1990ರಲ್ಲಿ ಗಿಡ್ಡನೆಯ.40 ತೋಟಾ ಹುಟ್ಟಿತು. ಕೊನೆಗೆ 2014ರಲ್ಲಿ ಅದೇ ಸಂಸ್ಥೆಯ ತರಬೇತಿ ವಿಭಾಗ 9 ಮಿಲಿಮೀಟರಿಗೆ ಹಿಂತಿರುಗಲು ಸಲಹೆ ಮಾಡಿತು. ಅರಳುವ ಗುಂಡುಗಳ ರಚನೆ ಸುಧಾರಿಸಿದ್ದುದರಿಂದ ಗಾತ್ರಗಳ ನಡುವಣ ಅಂತರ ಅಳಿದಿದ್ದಿತು. ಪೋಲೀಸರು ಹಾರಿಸುವ ಗುಂಡುಗಳಲ್ಲಿ ನೂರಕ್ಕೆ 70–80 ಗುರಿ ತಪ್ಪುವುವೆಂದೂ, ಕಡಮೆ ಒದೆತದ ಆಯುಧದಿಂದ ಹೆಚ್ಚಿನವರು ಬೇಗನೆ, ಸರಿಯಾಗಿ ಗುರಿ ಹೊಡೆಯುವರೆಂದೂ ಆ ಸಲಹೆ ವಿವರಿಸಿತು. 1904ರ ಎರಡನೆಯ ಮಾತು ಹೀಗೆ 110 ವರ್ಷಗಳ ಮೇಲೆ ಎದ್ದು ನಿಂತಿತು. 9 ಮಿಲಿಮೀಟರಿನ ಗುಂಡಿನ ದಪ್ಪವಾದರೂ, ಅಂದು ಸಾಲದೆಂದು ತಳ್ಳಿಹಾಕಿದ .38ರ ದಪ್ಪಕ್ಕೆ ಹೆಚ್ಚು ಕಡಮೆ ಸಮನೇ.

ಭಾರತದಲ್ಲಿ ಈ ವಾದಕ್ಕೆ ಎಡೆಯೇ ಸಿಕ್ಕಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆ ಮತ್ತು 1962ರ ನಿಯಮಗಳು ಸೇನೆಯ ತೋಟಾಗಳನ್ನು ಹಾರಿಸಬಲ್ಲ ಪಿಸ್ತೂಲುಗಳನ್ನು ನಿಷಿದ್ಧ ಬೋರಿನವೆಂದು ಬೇರ್ಪಡಿಸಿದುವು. 9 ಮಿಲಿಮೀಟರು ಹೀಗೆ ಸಾಮಾನ್ಯನ ಕೈಗೆ ಎಟುಕದಾಯಿತು. ಪರವಾನಗಿ ಪಡೆದವನ ಪಾಲಿಗೆ ಬಹುಮಟ್ಟಿಗೆ ಉಳಿದುದು ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವಂತಹ.32 ರಿವಾಲ್ವರ್. ಇಲ್ಲಿ ಗಾತ್ರವನ್ನು ನಿರ್ಣಯಿಸಿದುದು ಗಾಯದ ಶಾಸ್ತ್ರವಲ್ಲ, ಸೇನೆಯ ಮದ್ದುಗುಂಡು ಹೊರಗೆ ಬಳಕೆಯಾಗಬಾರದೆಂಬ ಎಚ್ಚರಿಕೆ.

ವಿಪತ್ತು ಒದಗಿದಾಗಲೆಲ್ಲ ಆಡಳಿತಗಳು ದೋಷವನ್ನು ಉಪಕರಣದಲ್ಲಿ ಹುಡುಕಿದುವು. ಫಿಲಿಪೈನ್ ದ್ವೀಪಗಳಲ್ಲಿಯೂ ಮಯಾಮಿಯಲ್ಲಿಯೂ ಸತ್ತವರ ಬಗೆಗಿನ ದುಃಖ ನಿಜವಾದುದೇ. ಅದರ ಒತ್ತಡದಲ್ಲಿ ಮಾಡಿದ ಲೆಕ್ಕ ಮಾತ್ರ ಅಪೂರ್ಣವಾಗಿದ್ದಿತು. ಥಾಂಪ್ಸನ್ ಮತ್ತು ಲಗಾರ್ಡರ ವರದಿಯನ್ನು ಕೊನೆಯವರೆಗೆ ಓದಿದ್ದರೆ ಆ ಲೆಕ್ಕ ಬಹು ಮುಂಚೆಯೇ ಸರಿಹೋಗಬಹುದಾಗಿದ್ದಿತು.