ಪುಸ್ತಕದ ಭಾರ ಯಾರ ತಲೆ ಮೇಲೆ?

ವೀಕ್ಷಕರೇ, ಕಲಬುರಗಿಯ ಸೇಡಂ ರಸ್ತೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತೆ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ ಇರೋದು ಇದೇ ರಸ್ತೆಯಲ್ಲಿ. 2020ರ ಫೆಬ್ರವರಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಅಲ್ಲೇ. ಎಚ್.ಎಸ್. ವೆಂಕಟೇಶಮೂರ್ತಿ ಅವರು ಅಧ್ಯಕ್ಷರಾಗಿದ್ದರು.

ಯಾವುದೇ ಸಮ್ಮೇಳನ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಲೇಖಕ ಜನರ ಎದುರಿಗೆ ಬಂದು ನಿಂತರೆ ಪುಸ್ತಕ ನಿಜವಾಗಿ ಓದುಗನ ಮನೆ ಸೇರುತ್ತಾ? ಯಾವಾಗ ಸೇರುತ್ತೆ, ಯಾವಾಗ ಸೇರಲ್ಲ?

ಇದಕ್ಕೆ ಉತ್ತರ ಹುಡುಕೋಕೆ ದೂರ ಹೋಗಬೇಕಿಲ್ಲ. ಇದೇ ಸೇಡಂ ರಸ್ತೆ ಹಿಡಿದು ಹೋದರೆ ಮಳಖೇಡ ಸಿಗುತ್ತೆ. ಒಂದು ಕಾಲಕ್ಕೆ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಸುಮಾರು ಕ್ರಿ.ಶ. 850ರಲ್ಲಿ 'ಕವಿರಾಜಮಾರ್ಗ' ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅದಾಗಿ ನೂರು ವರ್ಷದ ಮೇಲೆ ಮೂರನೇ ಕೃಷ್ಣನ ಕಾಲದಲ್ಲಿ ಪೊನ್ನ ಎಂಬ ಕವಿ ಬಂದ. ರಾಜ ಅವನಿಗೆ ದೊಡ್ಡ ಬಿರುದು ಕೊಟ್ಟ. ಆದರೆ ಬಿರುದು ಬಂದ ಮಾತ್ರಕ್ಕೆ ಪುಸ್ತಕ ಊರೂರು ತಿರುಗಲ್ಲ, ಅಲ್ವಾ? ಪೊನ್ನನ 'ಶಾಂತಿಪುರಾಣ' ನಾಡಿಗೆ ಹಂಚಿಹೋದದ್ದು ಒಬ್ಬ ಹೆಣ್ಣುಮಗಳಿಂದ. ದಾನಚಿಂತಾಮಣಿ ಅತ್ತಿಮಬ್ಬೆ ಅದರ 1,000 ಪ್ರತಿ ಬರೆಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ ಅದು. ಓಲೆಗರಿಯ ಮೇಲೆ ಒಂದೊಂದೇ ಅಕ್ಷರ ಕೊರೆದು ಸಾವಿರ ಪ್ರತಿ ಮಾಡಿಸೋದು ಅಂದ್ರೆ ಎಷ್ಟು ಲಿಪಿಕಾರರು, ಎಷ್ಟು ದಿನ, ಎಷ್ಟು ಖರ್ಚು, ನೀವೇ ಲೆಕ್ಕ ಹಾಕಿ.

ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ಮೊದಲು ಕಲಿಸೋ ಪಾಠಗಳಲ್ಲಿ ಒಂದು ಏನು ಗೊತ್ತಾ? ಭಾರ ಮಾಯ ಆಗಲ್ಲ. ಚಾವಣಿಯ ಭಾರ ತೊಲೆಗೆ, ತೊಲೆಯದು ಕಂಬಕ್ಕೆ, ಕಂಬದ್ದು ನೆಲಕ್ಕೆ. ಯಾರಾದರೊಬ್ಬರು ಹೊರಲೇಬೇಕು. ಪುಸ್ತಕದ್ದೂ ಇದೇ ಕಥೆ. ಬರೆದ ಮೇಲೆ ಅದನ್ನು ಓದುಗನವರೆಗೆ ಹೊರೋರು ಯಾರು? ಪೊನ್ನನ ಕಾಲದಲ್ಲಿ ಅತ್ತಿಮಬ್ಬೆ ಹೊತ್ತಳು.

ಅತ್ತಿಮಬ್ಬೆ ಇಲ್ಲದ ಕಾಲದಲ್ಲಿ? ಈ ಪ್ರಶ್ನೆಗೆ ತಮ್ಮ ತಲೆಯನ್ನೇ ಕೊಟ್ಟವರು ಗಳಗನಾಥರು.

ಅವರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಹಾವನೂರಿನಲ್ಲಿ. ವೃತ್ತಿಯಿಂದ ಶಾಲಾ ಮಾಸ್ತರರು. ಆಗ ಆ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು, ಓದು ಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕ ಇರ್ತಿತ್ತು. ಊರೂರಿಗೆ ಕನ್ನಡ ಪುಸ್ತಕದಂಗಡಿ ಎಲ್ಲಿಂದ ಬರಬೇಕು? ಗಳಗನಾಥರು ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು. ಆಮೇಲೆ ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರಿಂದ ಊರಿಗೆ, ಮನೆಯಿಂದ ಮನೆಗೆ ನಡೆದರು. ಕನ್ನಡ ಕಾದಂಬರಿಯ ಪಿತಾಮಹರಲ್ಲಿ ಒಬ್ಬರು ಅಂತ ಇವತ್ತು ನಾವು ಕರೆಯೋ ವ್ಯಕ್ತಿ ಹೀಗೆ ಬಾಗಿಲು ಬಾಗಿಲಿಗೆ ಹೋಗಿ ಪುಸ್ತಕ ಮಾರಿದರು.

ಇದು ಯಾಕೆ ಕೆಲಸ ಮಾಡ್ತು? ನನಗೆ ಕಾಣೋದು ಎರಡು ಕಾರಣ. ಒಂದು, ಓದುಗ ಎಲ್ಲಿದ್ದನೋ ಅಲ್ಲಿಗೇ ಲೇಖಕ ಹೋದ. ಎರಡು, ಹೋಗಿ ಬಂದ ಮೇಲೂ ನಂಟು ಕಡೀಲಿಲ್ಲ. ಗಳಗನಾಥರು ನಡೆಸಿದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಚಂದಾದಾರರ ಮನೆಗೆ ಹೋಗ್ತಾ ಇತ್ತು. ಲೇಖಕ ಮುಂದಿನ ಊರಿಗೆ ಹೋದರೂ ಅವರ ಬರಹ ಮತ್ತೆ ಅದೇ ಬಾಗಿಲು ತಟ್ಟುತ್ತಿತ್ತು.

ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ? ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವಾಗ ಸಿಗೋ ಊರು, ಭೌಗೋಳಿಕ ಗುರುತು ಪಡೆದ ಹಣ್ಣು. ಆ ಹಣ್ಣಿನ ಬಗ್ಗೆ ಒಂದು ಗಂಟೆ ಭಾಷಣ ಕೇಳಿದರೆ ಯಾರೂ ಒಂದು ಡಜನ್ ಕೊಳ್ಳಲ್ಲ ರೀ. ಸಿಪ್ಪೆ ಸುಲಿದು ಒಂದು ಕೈಗಿಟ್ಟರೆ ತಿಂದವನೇ ಜೇಬಿಗೆ ಕೈ ಹಾಕ್ತಾನೆ.

ನಮ್ಮ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳು ಇವತ್ತಿಗೂ ಉಳಿದಿರೋದು ಹೀಗೇ ಅಲ್ವಾ? ಮಡಿವಾಳಪ್ಪನವರು ದೊಡ್ಡ ಕವಿ ಅಂತ ಯಾರೂ ಡಂಗುರ ಸಾರಲಿಲ್ಲ. ಶಿಷ್ಯರು ಏಕತಾರಿ ಹಿಡಿದು ಪದ ಹಾಡಿದರು. ಕೇಳಿದವರು ಬಾಯಿಪಾಠ ಮಾಡಿ ಮುಂದಕ್ಕೆ ಕೊಟ್ಟರು.

ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಡಿಕನ್ಸ್‌ಗೂ ಈ ಗುಟ್ಟು ತಿಳಿದಿತ್ತು. 1858ರಿಂದ ಹಣಕ್ಕಾಗಿ ಸಾರ್ವಜನಿಕ ವಾಚನ ಶುರು ಮಾಡಿದ. ತನ್ನ ಬಗ್ಗೆ ಭಾಷಣ ಮಾಡಲಿಲ್ಲ, ತನ್ನ ಕಥೆಯನ್ನೇ ಪಾತ್ರಗಳ ದನಿಯಲ್ಲಿ ಓದಿದ. 1867ರ ಡಿಸೆಂಬರಿನಿಂದ 1868ರ ಏಪ್ರಿಲ್‌ವರೆಗೆ ಅಮೆರಿಕದಲ್ಲಿ 76 ವಾಚನ, ಗಳಿಕೆ ಸುಮಾರು 19,000 ಪೌಂಡ್. ಆದರೆ ಭಾರ ಎಲ್ಲಿಗೆ ಹೋಯ್ತು? ಅವನ ದೇಹಕ್ಕೆ. 1869ರಲ್ಲಿ ವೈದ್ಯರು ಪ್ರವಾಸವನ್ನೇ ನಿಲ್ಲಿಸಿದರು. 1870ರಲ್ಲಿ, 58ನೇ ವಯಸ್ಸಿಗೆ ಡಿಕನ್ಸ್ ತೀರಿಕೊಂಡ.

ನಮ್ಮಲ್ಲೂ ಹೀಗೆ ಭಾರ ಹೊತ್ತು ಕಳಕೊಂಡವರು ಇದ್ದಾರೆ. ವಿಜಯಪುರದ ವಕೀಲರು ಫ.ಗು. ಹಳಕಟ್ಟಿ. ಮನೆ ಮನೆ ಅಲೆದು ವಚನದ ಓಲೆಗರಿ ಕೂಡಿಹಾಕಿದರು, 1923ರಲ್ಲಿ 'ವಚನ ಶಾಸ್ತ್ರ ಸಾರ' ತಂದರು. ವಚನಗಳ ಅಚ್ಚು ನಿಲ್ಲಬಾರದು ಅಂತ ಸ್ವಂತ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಬಸವಣ್ಣ, ಅಕ್ಕಮಹಾದೇವಿಯರ ವಚನ ಇವತ್ತು ನಿಮ್ಮ ಮೊಬೈಲಿನಲ್ಲಿ ಬರ್ತಿದೆ ಅಂದ್ರೆ ಅದರ ಅಡಿಪಾಯದಲ್ಲಿ ಒಬ್ಬರ ಮನೆ ಇದೆ.

ಇನ್ನೊಬ್ಬರು ಉತ್ತಂಗಿ ಚನ್ನಪ್ಪ, ಕ್ರೈಸ್ತ ಪಾದ್ರಿ. ಹಳ್ಳಿಹಳ್ಳಿ ತಿರುಗಿ ಜನರ ಬಾಯಲ್ಲಿದ್ದ, ಹಳೇ ಕಟ್ಟುಗಳಲ್ಲಿದ್ದ ಸರ್ವಜ್ಞನ ತ್ರಿಪದಿ ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಇಲ್ಲೊಂದು ಸೂಕ್ಷ್ಮ ಇದೆ. ಅವರು ಓದುಗರ ಹತ್ತಿರ ಹೋದದ್ದು ಪುಸ್ತಕ ಆದ ಮೇಲಲ್ಲ, ಆಗೋಕೆ ಮುಂಚೆ. ಹಾಗಾಗಿ ಆ ಪುಸ್ತಕ ಜನರಿಗೆ ಪರಕೀಯ ಅನ್ನಿಸಲೇ ಇಲ್ಲ. 1949ರಲ್ಲಿ ಕಲಬುರಗಿಯಲ್ಲೇ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷ ಪೀಠದಲ್ಲಿ ಕೂತವರು ಇದೇ ಉತ್ತಂಗಿಯವರು. ನಿಜಾಮನ ಆಳ್ವಿಕೆ ಮುಗಿದು ಆಗಿನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಉರ್ದುವಿನಲ್ಲಿ ಶಾಲೆ, ಉರ್ದುವಿನಲ್ಲಿ ಕಚೇರಿ ಕಂಡಿದ್ದ ಈ ನೆಲಕ್ಕೆ ಕನ್ನಡದ ಪುಸ್ತಕವನ್ನು ಎದುರು ನಿಂತು ಕೊಡೋರು ಬೇಕಾಗಿತ್ತು.

ಈಗ ಕೆಲಸ ಮಾಡದ ವಿಧಾನಕ್ಕೆ ಬರೋಣ. ನೀವೆಲ್ಲ ನೋಡಿದ್ದೀರಿ. ವೇದಿಕೆ ಮೇಲೆ ಹತ್ತು ಕುರ್ಚಿ. ಬಣ್ಣದ ಕಾಗದ ಸುತ್ತಿದ ಪುಸ್ತಕದ ಕಟ್ಟು. ಕಾಗದ ಹರಿದು, ಮುಖಪುಟ ಎದೆಗೆ ಹಿಡಿದು ಫೋಟೋ. ಹಾರ, ಶಾಲು, ಹಣ್ಣಿನ ಬುಟ್ಟಿ. ಎರಡು ಗಂಟೆ ಭಾಷಣ. ಇಷ್ಟರಲ್ಲಿ ಪುಸ್ತಕದ ಒಂದು ಪುಟವನ್ನಾದರೂ ಯಾರಾದರೂ ಓದಿದರಾ? ಕೊನೆಗೆ ಬಂಧುಗಳಿಗೆ, ಗಣ್ಯರಿಗೆ ಗೌರವ ಪ್ರತಿ. ಉಳಿದ ಕಟ್ಟು ಲೇಖಕನ ಮಂಚದ ಕೆಳಗೆ, ಗ್ರಂಥಾಲಯದ ಸಗಟು ಖರೀದಿಗೆ ಕಾಯ್ತಾ.

'ಅತ್ತಿಮಬ್ಬೆ ಪುಕ್ಕಟೆ ಹಂಚಿದ್ದು ಸರಿ, ನಾವು ಹಂಚಿದ್ದು ತಪ್ಪಾ?' ಅಂತ ನೀವು ಕೇಳಬಹುದು. ವ್ಯತ್ಯಾಸ ಇದೆ. ಅಂದು ಒಂದು ಪ್ರತಿ ಸಿಗೋದೇ ದುರ್ಲಭ. ಸಿಕ್ಕಿದ್ದನ್ನು ಓದಿಸಿ ಕೇಳ್ತಿದ್ದರು, ಮತ್ತೆ ನಕಲು ಮಾಡಿಸ್ತಿದ್ದರು. ಇಂದು ಪ್ರತಿಗೆ ಬರ ಇಲ್ಲ, ಓದುವ ಗಮನಕ್ಕೆ ಬರ. ಪುಕ್ಕಟೆ ಕೊಟ್ಟ ಪುಸ್ತಕ ಗಮನ ತಂದುಕೊಡುತ್ತೆ ಅನ್ನೋ ಖಾತರಿ ಇಲ್ಲ.

ಇನ್ನೊಂದು ವಾದ ಇದೆ. ಪೂರ್ಣಚಂದ್ರ ತೇಜಸ್ವಿ ವೇದಿಕೆಗಳಿಂದ ದೂರವೇ ಇದ್ದರು. ಮೂಡಿಗೆರೆಯ ತೋಟ ಬಿಟ್ಟು ಪುಸ್ತಕ ಹೊತ್ತು ತಿರುಗಲಿಲ್ಲ. ಆದರೂ 1980ರ 'ಕರ್ವಾಲೊ' ಮತ್ತೆ ಮತ್ತೆ ಅಚ್ಚಾಗ್ತಿದೆ. ಒಪ್ತೀನಿ. ಓದಿದವರೇ ಹೊತ್ತ ಪುಸ್ತಕ ಅದು. ಆದರೆ ಪ್ರತಿ ಲೇಖಕನಿಗೂ, ಅದರಲ್ಲೂ ಬೆಂಗಳೂರಿನಿಂದ 600 ಕಿಲೋಮೀಟರ್ ದೂರದಲ್ಲಿ ಕೂತು ಮೊದಲ ಕಥಾಸಂಕಲನ ತರುವ ಹುಡುಗಿಗೆ, ಆ ಭಾಗ್ಯ ಮೊದಲ ದಿನವೇ ಸಿಗಲ್ಲ. ಅವಳ ಪುಸ್ತಕಕ್ಕೆ ಮೊದಲ 100 ಓದುಗರು ಎದುರಾಬದುರಾ ಸಿಗಬೇಕು.

ಹಾಗಾದರೆ ಆ ಭಾರ ಅವಳೊಬ್ಬಳೇ ಹೊರಬೇಕಾ? ಇಲ್ಲ. ದಾರಿಯನ್ನು ಧಾರವಾಡ ತೋರಿಸಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡರು, ಪುಸ್ತಕ ಮನೆಗೆ ಬಂತು. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಒಂದು ಕಂಬದ ಮೇಲಿದ್ದ ಭಾರ ನೂರಾರು ಕಂಬಕ್ಕೆ ಹಂಚಿಹೋಯ್ತು. ಯಾರ ಮನೆಯೂ ಮಾರಾಟ ಆಗಬೇಕಿಲ್ಲ, ಯಾರ ಕತ್ತೂ ನೋಯಬೇಕಿಲ್ಲ. ಗ್ರಂಥಮಾಲೆ ಇವತ್ತಿಗೂ ಇದೆ.

ಲೇಖಕರಿಗೆ ನನ್ನ ವಿನಂತಿ ಇಷ್ಟೇ. ನಿಮ್ಮ ಸಭೆಯಲ್ಲಿ ಅರ್ಧ ಗಂಟೆ ನಿಮ್ಮ ಪುಸ್ತಕ ಓದಿ. ಕಾಲೇಜಿಗೆ, ಸಂತೆಗೆ, ಜಾತ್ರೆಗೆ, ಕಮಲಾಪುರದಂಥ ತಾಲ್ಲೂಕು ಊರಿಗೆ ಹೋಗಿ. ಬಂದವರ ಹೆಸರು, ಫೋನ್ ನಂಬರ್ ಬರ್ಕೊಳ್ಳಿ. ಮುಂದಿನ ಪುಸ್ತಕ ಬಂದಾಗ ಅವರಿಗೇ ಮೊದಲು ಹೇಳಿ.

ವೀಕ್ಷಕರಿಗೂ ಒಂದು ಮಾತು. ಲೇಖಕ ಎದುರಿಗೆ ಬಂದಾಗ ಗೌರವ ಪ್ರತಿ ಕೇಳಬೇಡಿ. ಒಂದು ಪುಟ ಓದಿ ನೋಡಿ, ಹಿಡಿಸಿದರೆ ದುಡ್ಡು ಕೊಟ್ಟು ತಗೊಳ್ಳಿ, ಓದಿ ಮುಗಿಸಿ ಇನ್ನೊಬ್ಬರಿಗೆ ಹೇಳಿ. ಅತ್ತಿಮಬ್ಬೆಯಂತೆ ಸಾವಿರ ಪ್ರತಿ ಹೊರೋ ಶಕ್ತಿ ನಮಗಿಲ್ಲದಿರಬಹುದು. ಒಂದು ಪ್ರತಿ ಹೊರೋ ಶಕ್ತಿ ಎಲ್ಲರಿಗೂ ಇದೆ.